ಹರ್ಬಲ್ ಸ್ಪ್ರೇ ಹೊಡೆಯೋಕೂ ಲೈಸೆನ್ಸ್ ಬೇಕಾ?

ಪ್ರಶ್ನೆ: "ಸರ್, ನಾನು ಕೆಮಿಕಲ್ ಮುಟ್ಟೋದಿಲ್ಲ. ಇಲಿಗೆ ಬೋನು, ಕಿಟಕಿಗೆ ಮೆಶ್, ತಿಗಣೆಗೆ ಹಬೆ, ಜಿರಳೆಗೆ ಹರ್ಬಲ್ ಸ್ಪ್ರೇ. ಇಷ್ಟಕ್ಕೂ ಪೆಸ್ಟ್ ಕಂಟ್ರೋಲ್ ಲೈಸೆನ್ಸ್ ಬೇಕಾ?"

ಮೊದಲ ಮೂರಕ್ಕೆ ಬೇಡ. ಕೊನೆಯದಕ್ಕೆ ಬೇಕು. ಎಷ್ಟು ಸಲ ಹೇಳಿದರೂ ಮತ್ತೆ ಇದೇ ಪ್ರಶ್ನೆ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ.

1968ರ ಕೀಟನಾಶಕ ಕಾಯ್ದೆ ನೋಡೋದು ನಿಮ್ಮ ಕೈಯಲ್ಲಿರುವ ಮದ್ದನ್ನು. ಅದರ ಕೆಳಗಿನ 1971ರ ನಿಯಮಗಳ ಪ್ರಕಾರ, ವ್ಯಾಪಾರಕ್ಕಾಗಿ ಕೀಟನಾಶಕ ಹಾಕುವುದೇ ಪೆಸ್ಟ್ ಕಂಟ್ರೋಲ್. ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಇಲಿ ಹಿಡಿದರೆ ಅಲ್ಲಿ ಮದ್ದೇ ಇಲ್ಲ. ಅದೇ ಕೊಬ್ಬರಿಗೆ ಇಲಿ ಪಾಷಾಣ ಸವರಿದರೆ ಲೈಸೆನ್ಸ್ ಬೇಕೇ ಬೇಕು. ಕಾಯ್ದೆಯ ಲೆಕ್ಕದಲ್ಲಿ ಇಲಿ ಪಾಷಾಣವೂ ಕೀಟನಾಶಕವೇ.

ಈಗ ಹರ್ಬಲ್ ವಿಷಯ. "ಗಿಡದಿಂದ ಬಂದಿದ್ದು ಅಲ್ವಾ ಸರ್, ಅದು ಹೇಗೆ ವಿಷ?" ಅಂತ ಕೇಳುತ್ತೀರಿ. ಕಾಯ್ದೆಗೆ ಒಂದು ಪಟ್ಟಿ ಇದೆ. ಅದರಲ್ಲಿ ಹೆಸರಿದ್ದರೆ ಕೀಟನಾಶಕ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಆ ಪಟ್ಟಿಯಲ್ಲಿದೆ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಮ್ ಕೂಡ ಇದೆ. ಗಿಡದ್ದೋ ಕಾರ್ಖಾನೆಯದ್ದೋ ಅಂತ ಪಟ್ಟಿ ಭೇದ ಮಾಡಿಲ್ಲ.

ನಂಬಿಕೆ ಬಾರದಿದ್ದರೆ ಅಂಗಡಿಯಲ್ಲಿ ಒಂದು ಬೇವಿನ ಕೀಟನಾಶಕದ ಬಾಟಲಿ ತಗೊಂಡು ತಿರುಗಿಸಿ. ಲೇಬಲ್ ಮೇಲೆ ವಜ್ರದಾಕಾರದ ಗುರುತು, ಅದರ ಕೆಳಭಾಗದಲ್ಲಿ ಸಾಮಾನ್ಯವಾಗಿ ಹಸಿರು ತ್ರಿಕೋನ. ಪಕ್ಕದಲ್ಲೇ ನೋಂದಣಿ ಸಂಖ್ಯೆ. ಕೀಟನಾಶಕ ಅಲ್ಲದಿದ್ದರೆ ಆ ಸಂಖ್ಯೆ ಯಾಕೆ ಬೇಕಿತ್ತು? ಹಸಿರು ನೋಡಿ ಜಾಸ್ತಿ ಜನ ಬಿಸ್ಕತ್ ಪ್ಯಾಕೆಟ್ಟಿನ ಸಸ್ಯಾಹಾರಿ ಚುಕ್ಕೆಯ ಹಾಗೆ ಅಂದುಕೊಳ್ಳುತ್ತಾರೆ. ಕೆಂಪು, ಹಳದಿ, ನೀಲಿ, ಹಸಿರು, ಈ ನಾಲ್ಕೂ ವಿಷದ ಮಟ್ಟ ಹೇಳುವ ಬಣ್ಣಗಳು. ಹಸಿರು ಎಲ್ಲಕ್ಕಿಂತ ಕಡಿಮೆ, ಅಷ್ಟೇ.

ಲೈಸೆನ್ಸ್ ಬೇಕೆಂದರೆ ಕೃಷಿ ಪದವಿ ಅಥವಾ ಕೆಮಿಸ್ಟ್ರಿ ಓದಿದ ವಿಜ್ಞಾನ ಪದವಿ ಬೇಕು, ಜೊತೆಗೆ ತರಬೇತಿ. ನಿಯಮದಲ್ಲೇ ಹೆಸರಿರುವ ತರಬೇತಿ ಸಂಸ್ಥೆಗಳಲ್ಲಿ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಒಂದು. ನನ್ನ ಹುಡುಗರು ಅಲ್ಲಿಂದ ಸರ್ಟಿಫಿಕೇಟ್ ಹಿಡಿದು ಬಂದಾಗ ಆಗುವ ಖುಷಿಯೇ ಬೇರೆ.

ನಿಮ್ಮ ಮನೆ, ಕೈತೋಟ, ನೀವು ಉಳುವ ಹೊಲಕ್ಕೆ ನೀವೇ ಮದ್ದು ಹೊಡೆದರೆ 38ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಯಾರೂ ಕೇಳದಿದ್ದರೂ ಇಲ್ಲೊಂದು ಮಾತು ಹೇಳಲೇಬೇಕು. ಆ ವಿನಾಯಿತಿ ನಂಬಿಕೊಂಡು ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಗೆ ತರಬೇಡಿ. ಮನೆಬಳಕೆಗೆ ಅದನ್ನು ಮಾರುವ ಹಾಗೇ ಇಲ್ಲ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಬಾಗಿಲ ಸಂದಿಯಲ್ಲಿ ನುಸುಳಿ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು. ಅಕ್ಕಿಗೆ ಹುಳ ಬಿದ್ದಿದ್ದರೆ ಮೊರದಲ್ಲಿ ಕೇರಿ, ಚೆನ್ನಾಗಿ ಒಣಗಿದ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ.