ಹೈಡ್ರಾಲಿಕ್ ವಿಂಚ್: ಎಣ್ಣೆಯ ಒತ್ತಡದಲ್ಲಿ ತಿರುಗುವ ಉರುಳೆ

ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ಲೋಡ್ ಲಾರಿಯೊಂದು ಚರಂಡಿಗೆ ಇಳಿದರೆ ಮೊದಲು ಕೇಳಿಸುವ ಮಾತು, "ಕ್ರೇನ್ ತರಿಸಿ". ಬಹಳ ಸಲ ಅಲ್ಲಿ ನಿಜಕ್ಕೂ ಬೇಕಿರುವುದು ವಿಂಚ್. ಕ್ರೇನ್ ಎತ್ತುತ್ತದೆ, ವಿಂಚ್ ಎಳೆಯುತ್ತದೆ. ಕ್ರೇನಿನೊಳಗೂ ಹಗ್ಗ ಸುತ್ತುವ ಉರುಳೆ ಇದೆ, ನಿಜ. ಆದರೆ ಅದನ್ನು ಭಾರ ತೂಗುಹಾಕಲೆಂದೇ ಮಾಡಿರುತ್ತಾರೆ. ಎಳೆಯಲು ಮಾಡಿದ ವಿಂಚಿಗೆ ಭಾರ ನೇತುಹಾಕುವುದು ಅಪಾಯ.

ಬಾವಿಯ ರಾಟೆಗೂ ಇದಕ್ಕೂ ಏನು ವ್ಯತ್ಯಾಸ? ರಾಟೆ ಹಗ್ಗದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಕೊಡದ ಭಾರವೆಲ್ಲ ಸೇದುವವರ ತೋಳಿಗೇ ಬೀಳುತ್ತದೆ. ವಿಂಚ್ ಹಗ್ಗವನ್ನು ಮೈಗೆ ಸುತ್ತಿಕೊಳ್ಳುತ್ತದೆ, ಗೇರ್‌ಗಳ ಮೂಲಕ ಬಲ ಹೆಚ್ಚಿಸುತ್ತದೆ, ಎಳೆದದ್ದನ್ನು ಹಿಂದಕ್ಕೆ ಜಾರಲು ಬಿಡದೆ ಹಿಡಿದಿಡುತ್ತದೆ. ಮಲ್ಪೆಯ ಬೋಟುಗಳಲ್ಲಿ ಬಲೆ ಎಳೆಯುವುದಕ್ಕೂ ವಿಂಚೇ ಬೇಕು.

'ಹೈಡ್ರಾಲಿಕ್' ಅಂದರೆ ಆ ಉರುಳೆಯನ್ನು ತಿರುಗಿಸುವುದು ಒತ್ತಡದಲ್ಲಿರುವ ಎಣ್ಣೆ. ಗಾಡಿಯ ಎಂಜಿನ್ನಿನಿಂದ ಪಿಟಿಓ, ಅಂದರೆ ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ದಾಟಿಸುವ ಜೋಡಣೆ, ಅದರ ಮೂಲಕ ಪಂಪ್ ತಿರುಗುತ್ತದೆ. ಪಂಪ್ ನೂಕಿದ ಎಣ್ಣೆ ದಪ್ಪ ಹೋಸ್‌ಪೈಪಿನಲ್ಲಿ ಹೋಗಿ ಹೈಡ್ರಾಲಿಕ್ ಮೋಟರನ್ನು ತಿರುಗಿಸುತ್ತದೆ, ಮೋಟರು ಗೇರ್‌ಬಾಕ್ಸನ್ನು, ಗೇರ್‌ಬಾಕ್ಸು ಉರುಳೆಯನ್ನು. ಕೆಲಸ ಮುಗಿಸಿದ ಎಣ್ಣೆ ಟ್ಯಾಂಕಿಗೆ ವಾಪಸ್. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ಪ್ಯಾಸ್ಕಲ್ ತೋರಿಸಿದ್ದ. ಅದನ್ನೇ ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಇಂಥ ವ್ಯವಸ್ಥೆಯಲ್ಲಿ 150 ಬಾರ್ ಒತ್ತಡ ಸಾಮಾನ್ಯ. ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಮೂರು ಸಿಮೆಂಟ್ ಚೀಲ ಹೇರಿದಂತೆ ಅಂದುಕೊಳ್ಳಿ.

ಜೀಪಿನ ಮುಂಭಾಗದಲ್ಲಿ ಕಾಣುವ ವಿಂಚ್ ಹೆಚ್ಚಾಗಿ ಬ್ಯಾಟರಿಯದ್ದು. ಎಂಜಿನ್ ನಿಂತರೂ ಅದು ಸ್ವಲ್ಪ ಹೊತ್ತು ಎಳೆಯಬಲ್ಲದು, ಹೈಡ್ರಾಲಿಕ್ ವಿಂಚಿಗೆ ಅದಾಗದು. ಆದರೆ ಪೂರ್ತಿ ಭಾರ ಬಿದ್ದಾಗ ಬ್ಯಾಟರಿ ವಿಂಚು ನೂರಾರು ಆಂಪಿಯರ್ ಕರೆಂಟ್ ಹೀರುತ್ತದೆ, ಕೆಲವೇ ನಿಮಿಷದಲ್ಲಿ ಕಾಯುತ್ತದೆ. ಭಾರ ಮಿತಿಮೀರಿ ತಿರುಗಲಾರದೆ ನಿಂತರೆ ಮೋಟರೇ ಸುಡಬಹುದು. ಹೈಡ್ರಾಲಿಕ್ಕಿನಲ್ಲಿ ಹಾಗಲ್ಲ. ಭಾರ ಮಿತಿಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆ ಟ್ಯಾಂಕಿಗೆ ಮರಳುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ, ಉರುಳೆ ನಿಲ್ಲುತ್ತದೆ.

ಇದರ ಬ್ರೇಕು ನನಗೆ ಬಹಳ ಇಷ್ಟವಾದ ಭಾಗ. ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್, ಬಿಡಿಸುವುದು ಎಣ್ಣೆ. ನಡುವೆ ಹೋಸ್‌ಪೈಪ್ ಒಡೆದರೆ ಒತ್ತಡ ಹೋಗಿ ಸ್ಪ್ರಿಂಗ್ ತಾನಾಗಿ ಉರುಳೆಯನ್ನು ಕಚ್ಚಿ ಹಿಡಿಯುತ್ತದೆ. ಲಾರಿ ಚಾಲಕರಿಗೆ ಇದು ಹೊಸದಲ್ಲ, ಗಾಳಿ ಇಳಿದರೆ ಹಿಡಿದುಕೊಳ್ಳುವ ಪಾರ್ಕಿಂಗ್ ಬ್ರೇಕ್ ಇದೇ ಜಾತಿಯದು.

ಈಗ, ವಿಂಚಿನ ಫಲಕದ ಮೇಲೆ ಬರೆದ ಟನ್ ಲೆಕ್ಕ. '10 ಟನ್' ಎಂದಿದ್ದರೆ ಅದು ಉರುಳೆಯ ಮೇಲೆ ಹಗ್ಗದ ಮೊದಲ ಪದರ ಮಾತ್ರ ಇದ್ದಾಗಿನ ಮಾತು. 20 ಸೆಂಟಿಮೀಟರ್ ವ್ಯಾಸದ ಉರುಳೆಗೆ 16 ಮಿಲಿಮೀಟರ್ ದಪ್ಪದ ಉಕ್ಕಿನ ಹಗ್ಗ ಸುತ್ತಿದೆ ಎಂದುಕೊಳ್ಳಿ. ಪದರದ ಮೇಲೆ ಪದರ ಬಂದಂತೆ ಉರುಳೆ ದಪ್ಪವಾಗುತ್ತದೆ, ವೇಗ ಹೆಚ್ಚುತ್ತದೆ, ಬಲ ಕುಗ್ಗುತ್ತದೆ. ನಾಲ್ಕನೇ ಪದರಕ್ಕೆ ಬರುವಾಗ ಆ 10 ಟನ್ ಸುಮಾರು 7 ಟನ್ ಆಗಿರುತ್ತದೆ. ಅದಕ್ಕೇ ಅನುಭವಸ್ಥರು ವಿಂಚ್ ಗಾಡಿಯನ್ನು ತೀರಾ ಹತ್ತಿರ ತರದೆ, ದೂರದಲ್ಲಿ ನಿಲ್ಲಿಸಿ ಹಗ್ಗ ಉದ್ದಕ್ಕೆ ಬಿಡುತ್ತಾರೆ.

ಅತ್ತ ಕೆಸರಿನ ಲೆಕ್ಕವೂ ಇದೆ. ಗಟ್ಟಿ ಡಾಂಬರಿನ ಮೇಲೆ 10 ಟನ್ ಲಾರಿಯನ್ನು ಉರುಳಿಸಲು ಅದರ ತೂಕದ ಪುಟ್ಟ ಪಾಲು ಸಾಕು. ಚಕ್ರದ ಆಳಕ್ಕೆ ಹೂತರೆ ತೂಕದಷ್ಟೇ ಎಳೆತ, ಮಡ್‌ಗಾರ್ಡ್ ತನಕ ಹೂತರೆ ಅದರ ಎರಡು ಪಟ್ಟು ಬೇಕು ಎಂಬುದು ಸೈನ್ಯದ ರಿಕವರಿ ಘಟಕಗಳು ಬಳಸುವ ಅಂದಾಜು. ಅಂಥಲ್ಲಿ ಹೂತ ಲಾರಿಗೆ ಒಂದು ಸ್ನ್ಯಾಚ್ ಬ್ಲಾಕ್, ಅಂದರೆ ಕೊಕ್ಕೆಯಿರುವ ಗಟ್ಟಿ ಗಾಲಿ, ಕಟ್ಟಿ ಹಗ್ಗವನ್ನು ಅದರ ಮೂಲಕ ಹಾಯಿಸಿ ಮತ್ತೆ ವಿಂಚ್ ಗಾಡಿಗೇ ತಂದು ಬಿಗಿಯುತ್ತಾರೆ. ವೇಗ ಅರ್ಧಕ್ಕಿಳಿಯುತ್ತದೆ, ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಬಿಗಿದು ನಿಂತ ಉಕ್ಕಿನ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ದಾಟಲಂತೂ ಬಾರದು. ತುಂಡಾದರೆ ಅದು ಚಾಟಿಯಂತೆ ಬೀಸುತ್ತದೆ, ಮೈಗೆ ತಾಗಿದರೆ ಜೀವ ಉಳಿಯುವುದು ಕಷ್ಟ. ಆ ಬೀಸನ್ನು ಕುಗ್ಗಿಸಲೆಂದು ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸುವುದುಂಟು. ಎಷ್ಟೇ ಉದ್ದ ಬಿಟ್ಟರೂ ಉರುಳೆಯ ಮೇಲೆ ಐದು ಸುತ್ತಾದರೂ ಉಳಿಯಲೇಬೇಕು. ಹಗ್ಗದ ತುದಿಯನ್ನು ಬಿಗಿದ ಬೋಲ್ಟು ಭಾರ ತಡೆಯುವುದಿಲ್ಲ, ತಡೆಯುವುದು ಆ ಸುತ್ತುಗಳ ಹಿಡಿತ. ಕೆಲವರು ಆ ಕೊನೆಯ ಸುತ್ತುಗಳಿಗೆ ಕೆಂಪು ಬಣ್ಣ ಬಳಿದಿಟ್ಟಿರುತ್ತಾರೆ. ಕೆಂಪು ಕಂಡರೆ ಹಗ್ಗ ಬಿಡುವುದನ್ನು ಅಲ್ಲಿಗೇ ನಿಲ್ಲಿಸಬೇಕು.