ಚಾಂಪಿಯನ್ ರೀಫ್ ಆಳದ ಪ್ರಯೋಗಾಲಯ: ಕೋಲಾರದಲ್ಲಿ ನಡೆದ ಕಣ ಭೌತವಿಜ್ಞಾನ

ಕೋಲಾರ ಚಿನ್ನದ ಗಣಿಗಳ ಚರಿತ್ರೆಯನ್ನು ಯಾರು ಬರೆದರೂ 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸಕ್ಕೆ ಇಳಿದದ್ದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು, 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದ್ದು ಅದರಲ್ಲಿ ತಪ್ಪದೆ ಇರುತ್ತವೆ. ಅದೇ ಗಣಿಗಳ ಒಡಲಲ್ಲಿ 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ನಡೆದ ಕಣ ಭೌತವಿಜ್ಞಾನದ ಸಂಶೋಧನೆಗೆ ಮಾತ್ರ ಜಿಲ್ಲೆಯ ನೆನಪಿನಲ್ಲಿ ಸಿಕ್ಕಿರುವ ಸ್ಥಾನ ತೀರ ಚಿಕ್ಕದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಜಗತ್ತಿನಲ್ಲಿ ಮೊದಲು ಪತ್ತೆಯಾದ ಎರಡು ಜಾಗಗಳಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಒಂದು. ಆ ಪ್ರಯೋಗಾಲಯ ಹುಟ್ಟುವುದಕ್ಕೆ ಗಣಿ ಕಾರಣವಾಯಿತು. ಅದು ನಿಂತುಹೋಗುವುದಕ್ಕೂ ಗಣಿಯೇ ಕಾರಣವಾಯಿತು.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಅವು ಬೀಳುತ್ತಲೇ ಇರುತ್ತವೆ. ಅವುಗಳ ಜೊತೆಯಲ್ಲೇ ಹುಟ್ಟುವ ನ್ಯೂಟ್ರಿನೊಗಳು ಭೂಮಿಯನ್ನೇ ಹಾದುಹೋಗುವಷ್ಟು ನಿರ್ಲಿಪ್ತವಾದ ಕಣಗಳು. ಎಲ್ಲೋ ಅಪರೂಪಕ್ಕೊಂದು ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಗುರುತು ಬಿಡುತ್ತದೆ. ನೆಲದ ಮೇಲೆ ಮ್ಯೂಯಾನ್‌ಗಳ ಈ ಸುರಿಮಳೆಯ ನಡುವೆ ಆ ಅಪರೂಪದ ಗುರುತನ್ನು ಹುಡುಕುವುದು ಸಾಧ್ಯವಿಲ್ಲದ ಕಾರಣ ವಿಜ್ಞಾನಿಗಳು ಆಳವನ್ನು ಅರಸಿದರು. ಆಳಕ್ಕೆ ಇಳಿದಷ್ಟೂ ಮ್ಯೂಯಾನ್‌ಗಳು ಬಂಡೆಯಲ್ಲಿ ಇಂಗಿಹೋಗುತ್ತವೆ, ನ್ಯೂಟ್ರಿನೊಗಳು ಇಂಗುವುದಿಲ್ಲ. ಕೋಲಾರದ ಬಂಡೆ ಸಾಮಾನ್ಯ ಬಂಡೆಗಿಂತ ಸಾಂದ್ರವಾದದ್ದು, ನೀರಿನ ಸುಮಾರು ಮೂರು ಪಟ್ಟು. ಹಾಗಾಗಿ ಇಲ್ಲಿ 2,300 ಮೀಟರ್ ಇಳಿದರೆ ಸುಮಾರು 7,000 ಮೀಟರ್ ನೀರಿನ ಕೆಳಗೆ ನಿಂತಷ್ಟು ರಕ್ಷಣೆ ಸಿಗುತ್ತದೆ.

ಇದನ್ನು ಗುರುತಿಸಿದವರು ಭೌತವಿಜ್ಞಾನಿ ಹೋಮಿ ಭಾಭಾ. 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಹೋದ, ಅವರೇ ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕೋಲಾರ ಅಪರಿಚಿತವಾಗಿರಲಿಲ್ಲ. ಭಾಭಾ ಅವರ ಸೂಚನೆಯಂತೆ, ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಉಪಕರಣಗಳೊಂದಿಗೆ ಗಣಿಗೆ ಇಳಿದು ಬೇರೆಬೇರೆ ಆಳಗಳಲ್ಲಿ ಮ್ಯೂಯಾನ್‌ಗಳನ್ನು ಎಣಿಸಿದರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದ ಅವರ ಪಿಎಚ್.ಡಿ. ಕೆಲಸ ನಡೆದದ್ದು ಇಲ್ಲಿ. 1960ರ ದಶಕದ ಮೊದಲ ವರ್ಷಗಳಲ್ಲಿ ಎಣಿಕೆ ಇನ್ನಷ್ಟು ಆಳಕ್ಕೆ ಹೋಯಿತು. ಸುಮಾರು 2,700 ಮೀಟರ್ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೇ ಒಂದು ಮ್ಯೂಯಾನ್ ದಾಖಲಾಗಲಿಲ್ಲ. ಬರಿಗೈಯಂತೆ ಕಾಣುವ ಈ ಫಲಿತಾಂಶವೇ ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ತಿರುವು: ನ್ಯೂಟ್ರಿನೊ ಹುಡುಕಲು ಬೇಕಾದ ನಿಶ್ಶಬ್ದ ಇಲ್ಲಿದೆ ಎಂಬುದು ಅದರಿಂದ ಖಚಿತವಾಯಿತು.

ಮುಂದಿನ ಪ್ರಯೋಗಕ್ಕೆ ಟಾಟಾ ಸಂಸ್ಥೆಯ ಜೊತೆ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಕೈಜೋಡಿಸಿದವು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಪಿ.ವಿ. ರಮಣಮೂರ್ತಿ, ಒಸಾಕಾದ ಮಿಯಾಕೆ, ಡರ್ಹಾಮ್‌ನ ವುಲ್ಫೆಂಡೇಲ್ ತಂಡದಲ್ಲಿದ್ದರು. ಉಪಕರಣವನ್ನು ಜೋಡಿಸಿದ ರೀತಿಯಲ್ಲೇ ಅವರ ಜಾಣತನವಿತ್ತು. ಅಷ್ಟು ಆಳಕ್ಕೂ ತಲುಪಬಲ್ಲ ಅಳಿದುಳಿದ ಮ್ಯೂಯಾನ್‌ಗಳು ಹೆಚ್ಚುಕಡಿಮೆ ನೇರವಾಗಿ ಮೇಲಿನಿಂದಲೇ ಬರಬೇಕು. ಅಡ್ಡಲಾಗಿ ಬರಬೇಕಾದರೆ ಅವು ಹತ್ತಾರು ಕಿಲೋಮೀಟರ್ ಬಂಡೆಯನ್ನು ದಾಟಬೇಕಾಗುತ್ತದೆ, ಅದು ಆಗದ ಮಾತು. ಆದ್ದರಿಂದ ಅಡ್ಡಲಾಗಿ ಸಾಗುವ ಮ್ಯೂಯಾನ್ ಕಂಡರೆ ಅದು ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೊದಿಂದಲೇ ಹುಟ್ಟಿರಬೇಕು. ಅದಕ್ಕಾಗಿ ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನು ಗೋಡೆಗಳಂತೆ ಎದುರುಬದುರು ನಿಲ್ಲಿಸಿ, ಕಣದ ಜಾಡು ತೋರಿಸಲು ನಡುವೆ ನಿಯಾನ್ ಕೊಳವೆಗಳನ್ನು ಇಟ್ಟರು. 1965ರಲ್ಲಿ ಆ ಜಾಡುಗಳು ಸಿಕ್ಕವು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡಕ್ಕೂ ಇಂಥವೇ ಸಿಕ್ಕಿದ್ದವು. ಎರಡೂ ತಂಡಗಳ ಪ್ರಬಂಧಗಳು ಆ ಆಗಸ್ಟಿನಲ್ಲಿ ಪ್ರಕಟವಾದವು. ಕೋಲಾರದ್ದು ಕೆಲವು ದಿನ ಮೊದಲು.

1970ರ ದಶಕದಲ್ಲಿ ಕಾಣಿಸಿಕೊಂಡ, 'ಕೋಲಾರ ಘಟನೆಗಳು' ಎಂದೇ ಹೆಸರಾದ ಕೆಲವು ವಿಚಿತ್ರ ಜಾಡುಗಳಿಗೆ ಸರ್ವಸಮ್ಮತವಾದ ವಿವರಣೆ ದೊರೆಯಲಿಲ್ಲ. ಅಷ್ಟರಲ್ಲಿ ಪರಮಾಣುವಿನ ಬೀಜದಲ್ಲಿರುವ ಪ್ರೋಟಾನ್ ಎಂಬ ಕಣ ಶಾಶ್ವತವಲ್ಲ, ಅದೂ ಎಂದಾದರೊಮ್ಮೆ ಕ್ಷಯಿಸೀತು ಎಂಬ ಸಿದ್ಧಾಂತ ಬಂದಿತ್ತು. ಅದನ್ನು ಪರೀಕ್ಷಿಸಲು ಟಾಟಾ ಸಂಸ್ಥೆ ಮತ್ತು ಒಸಾಕಾದ ವಿಜ್ಞಾನಿಗಳು 1980ರ ಹೊತ್ತಿಗೆ 2,300 ಮೀಟರ್ ಆಳದಲ್ಲಿ ಕಬ್ಬಿಣದ ಫಲಕಗಳನ್ನೂ ಅನಿಲ ತುಂಬಿದ ಶೋಧಕಗಳನ್ನೂ ಪದರಪದರವಾಗಿ ಪೇರಿಸಿ 140 ಟನ್ ತೂಕದ ಉಪಕರಣ ಕಟ್ಟಿದರು. ಅದೆಲ್ಲವೂ ಕಾರ್ಮಿಕರನ್ನು ಇಳಿಸುವ ಗಣಿಯ ಕೇಜಿನಲ್ಲೇ ಇಳಿಯಬೇಕಿತ್ತು, ಗಣಿಯ ಗಾಳಿ ಮತ್ತು ವಿದ್ಯುತ್ತನ್ನೇ ನಂಬಬೇಕಿತ್ತು. ಪ್ರೋಟಾನ್ ಕ್ಷಯವಿರಬಹುದಾದ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತು. ಜಪಾನಿನ ಮತ್ತು ಅಮೆರಿಕದ ಇನ್ನೂ ದೊಡ್ಡ ಶೋಧಕಗಳಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ಆದರೆ ಈ ಹುಡುಕಾಟವನ್ನು ವ್ಯರ್ಥವೆನ್ನಲಾಗದು. ಪ್ರೋಟಾನ್ ಕ್ಷಯಕ್ಕೆಂದೇ ಕಟ್ಟಿದ ಜಪಾನಿನ ಕಾಮಿಯೊಕಾಂಡೆ ಶೋಧಕ 1987ರಲ್ಲಿ ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ನ್ಯೂಟ್ರಿನೊಗಳನ್ನು ಹಿಡಿಯಿತು, ಅದರ ಮುಂದಿನ ಪೀಳಿಗೆಯ ಶೋಧಕ 1998ರಲ್ಲಿ ನ್ಯೂಟ್ರಿನೊಗಳು ರೂಪ ಬದಲಿಸುತ್ತವೆಂದು ತೋರಿಸಿತು. ಅಲ್ಲಿ ಬಳಕೆಯಾದದ್ದು 1965ರಲ್ಲಿ ಕೋಲಾರದಲ್ಲಿ ಕಂಡ ಅದೇ ವಾತಾವರಣದ ನ್ಯೂಟ್ರಿನೊ.

ಜಪಾನ್ ಮುಂದುವರಿದ ಹೊತ್ತಿಗೆ ಕೋಲಾರ ಹಿಂದೆ ಸರಿಯಬೇಕಾಯಿತು. ಅದಿರಿನಲ್ಲಿ ಚಿನ್ನದ ಪ್ರಮಾಣ ಕುಸಿದು, 1972ರಲ್ಲಿ ರಚನೆಯಾದ ಭಾರತ್ ಗೋಲ್ಡ್ ಮೈನ್ಸ್ ನಷ್ಟದಲ್ಲಿತ್ತು. ಆಳದ ಹಂತಗಳನ್ನು ಒಂದೊಂದಾಗಿ ಕೈಬಿಡುತ್ತ ಬಂದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳೂ ನಿಂತವು. ಗಣಿಯೇ ಮುಚ್ಚಿದ ಮೇಲೆ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಸಾವಿರಾರು ಕಾರ್ಮಿಕ ಕುಟುಂಬಗಳ ಅನ್ನ ಹೋದ ಆ ಹೊತ್ತಿನಲ್ಲಿ ಪ್ರಯೋಗಾಲಯದ ಮಾತು ಹಿಂದೆ ಬಿದ್ದದ್ದು ಸಹಜವೇ. ಆದರೂ ಜಗತ್ತಿಗೇ ಅಪರೂಪವಾದ ಆಳವೊಂದನ್ನು ಸಂಶೋಧನೆಗೆಂದು ಉಳಿಸಿಕೊಳ್ಳುವ ವ್ಯವಸ್ಥೆ ಆಗಲೇ ಇರಬೇಕಿತ್ತು.

ಗಣಿಯ ಲಾಭನಷ್ಟಕ್ಕೆ ಕಟ್ಟುಬೀಳದ, ಸಂಶೋಧನೆಗೆಂದೇ ಕೊರೆದ ಸುರಂಗ ಬೇಕೆಂಬ ಯೋಚನೆ ಬಲಗೊಂಡದ್ದು ಇದರ ನಂತರ. ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಮೊದಲು ನೀಲಗಿರಿಯ ಸಿಂಗಾರವನ್ನು ಆಲೋಚಿಸಿ, ಅನುಮತಿ ಸಿಗದೆ, ತಮಿಳುನಾಡಿನ ತೇಣಿ ಜಿಲ್ಲೆಯ ಬೋಡಿ ಬೆಟ್ಟಗಳನ್ನು ಆರಿಸಲಾಯಿತು. ಅಲ್ಲಿ ಕಟ್ಟಬೇಕಿದ್ದ ಶೋಧಕ 50,000 ಟನ್ ಕಬ್ಬಿಣದ್ದು. ಕೋಲಾರದಲ್ಲಿ ಕಬ್ಬಿಣವನ್ನು ಪೇರಿಸಿದ ವಿಧಾನವೇ ಬೃಹತ್ತಾಗಿ ಅದರಲ್ಲಿ ಮುಂದುವರಿದಿದೆ. 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟರೂ ಸ್ಥಳೀಯರ ವಿರೋಧ ಮತ್ತು ಮೊಕದ್ದಮೆಗಳಿಂದ ಕೆಲಸ ಹಿಡಿಯಲಿಲ್ಲ. 2022ರಲ್ಲಿ ತಮಿಳುನಾಡು ಸರ್ಕಾರವೂ ಸುಪ್ರೀಂ ಕೋರ್ಟಿನಲ್ಲಿ ತನ್ನ ಅಸಮ್ಮತಿಯನ್ನು ಹೇಳಿತು. ಜಾರ್ಖಂಡದ ಜಾದುಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದ ಪ್ರಯೋಗಾಲಯವೊಂದು 2017ರಿಂದ ಇದೆ. ಅದೂ ನಡೆಯುತ್ತಿರುವ ಗಣಿಯೊಳಗೇ ಇದೆ, ಮತ್ತು ಅದರ ಆಳ ಚಾಂಪಿಯನ್ ರೀಫ್ ಪ್ರಯೋಗಾಲಯದ ಕಾಲು ಭಾಗಕ್ಕಿಂತ ಕಡಿಮೆ.