ಪ್ರೋಟೀನ್ ನೋಡಿ ಸೋಯಾ ತಳಿ ಯಾವ್ದು ಅಂತ ಹೇಳೋಕಾಗುತ್ತಾ?

ಯಲಹಂಕದಲ್ಲಿರೋ ಓದುಗರೊಬ್ರು ಕೇಳಿದಾರೆ: "ಸರ್, ನಮ್ಮಪ್ಪ ಬೀದರ್ ಕಡೆ ಸೋಯಾ ಹಾಕ್ತಾರೆ. ಜೆಎಸ್ 335 ಅಂತ ತಂದಿರೋ ಬೀಜ ನಿಜವಾಗ್ಲೂ ಅದೇನಾ ಅಂತ ಡೌಟು. ಬೆಂಗಳೂರಲ್ಲೇ ಯಾವ್ದಾದ್ರೂ ಲ್ಯಾಬಲ್ಲಿ ಪ್ರೋಟೀನ್ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತಾ?"

ಅರ್ಧ ಗೊತ್ತಾಗುತ್ತೆ. 'ಇದು ಆ ತಳಿ ಅಲ್ಲ' ಅಂತ ಹಿಡಿಯಬಹುದು, ಆದ್ರೆ 'ಇದು ಅದೇ' ಅಂತ ಬರೀ ಪ್ರೋಟೀನ್ ನೋಡಿ ಹೇಳೋದು ಕಷ್ಟ.

ಸೋಯಾ ಕಾಳಲ್ಲಿ ಸುಮಾರು ಶೇ. 40 ಪ್ರೋಟೀನೇ ಇರೋದು, ಅದರಲ್ಲಿ ಹೆಚ್ಚಿನ ಪಾಲು ಗ್ಲೈಸಿನಿನ್ ಮತ್ತೆ ಬೀಟಾ-ಕಾನ್‌ಗ್ಲೈಸಿನಿನ್ ಅನ್ನೋ ಎರಡು. ಕಾಳನ್ನ ಪುಡಿ ಮಾಡಿ, ಎಸ್‌ಡಿಎಸ್ ಅನ್ನೋ ಸೋಪಿನಂಥ ಕೆಮಿಕಲ್ ಹಾಕಿ ಕುದಿಸಿ, ತೆಳ್ಳನೆ ಜೆಲ್‌ಗೆ ಬಿಟ್ಟು ಕರೆಂಟ್ ಕೊಡ್ತಾರೆ, ಚಿಕ್ಕ ಪ್ರೋಟೀನ್ ಬೇಗ ಕೆಳಗೆ ಓಡುತ್ತೆ, ದೊಡ್ಡದು ಮೇಲೇ ಉಳ್ಕೊಳುತ್ತೆ, ಆಮೇಲೆ ನೀಲಿ ಬಣ್ಣ ಹಾಕಿದ್ರೆ ಗೆರೆಗೆರೆಯಾಗಿ ಕಾಣುತ್ತೆ. ಪಕ್ಕದಲ್ಲೇ ಅಸಲಿ ಜೆಎಸ್ 335 ಕಾಳಿನದ್ದೂ ಓಡಿಸಬೇಕು, ಅದಿಲ್ದಿದ್ರೆ ಹೋಲಿಸೋದು ಯಾವುದಕ್ಕೆ?

ಇದು ಚೆನ್ನಾಗಿ ಕೆಲಸ ಮಾಡೋದು ಒಂದು ಗೆರೆ ಇದೆ ಅಥವಾ ಇಲ್ಲ ಅನ್ನೋ ಥರದ ವ್ಯತ್ಯಾಸ ಇದ್ದಾಗ. ಇಂದೋರಿನ ಎನ್‌ಆರ್‌ಸಿ 127 ತಳಿಯಲ್ಲಿ ಕುನಿಟ್ಜ್ ಟ್ರಿಪ್ಸಿನ್ ಇನ್ಹಿಬಿಟರ್ ಅನ್ನೋ ಪ್ರೋಟೀನೇ ಇಲ್ಲ (ಸೋಯಾನ ಚೆನ್ನಾಗಿ ಬೇಯಿಸಿ ತಿನ್ನಿ ಅನ್ನೋದಕ್ಕೆ ಮುಖ್ಯ ಕಾರಣ ಈ ಪ್ರೋಟೀನೇ), ಹಾಗಾಗಿ ಆ ತಳಿ ಅಂತ ಕೊಟ್ಟಿರೋ ಕಾಳಲ್ಲಿ ಅದು ಸಿಕ್ತು ಅಂದ್ರೆ ಮುಗೀತು, ಬೆರಕೆ. ಈ ಪ್ರೋಟೀನಿಗೆ ಬೇರೆ ಬೇರೆ ರೂಪಗಳೂ ಇವೆ, ಗಾತ್ರ ಒಂದೇ ಆದ್ರೂ ಎಸ್‌ಡಿಎಸ್ ಹಾಕ್ದೆ ಓಡಿಸಿದ್ರೆ ಚಾರ್ಜ್ ವ್ಯತ್ಯಾಸದಿಂದ ಬೇರೆ ಬೇರೆ ಕಡೆ ನಿಲ್ತವೆ. ನನಗೆ ತುಂಬ ಇಷ್ಟವಾದ ವಿಷಯ ಇದು.

ಆದ್ರೆ ನಮ್ಮಲ್ಲಿ ಬೆಳೆಯೋ ಎಷ್ಟೋ ತಳಿಗಳು ಹತ್ತಿರದ ಸಂಬಂಧಿಗಳು, ಗೆರೆ ಒಂದೇ ಥರ ಬರುತ್ತೆ. ಗೆರೆ ದಪ್ಪ ಇದೆ ತೆಳ್ಳಗಿದೆ ಅಂತ ನೋಡಿ ತಳಿ ಹೇಳೋಕೆ ಹೋಗ್ಲೇಬೇಡಿ, ಯಾಕಂದ್ರೆ ಮಣ್ಣಲ್ಲಿ ಗಂಧಕ ಕಮ್ಮಿಯಾದ್ರೆ ಅದೇ ತಳಿಯಲ್ಲೇ ಬೀಟಾ-ಕಾನ್‌ಗ್ಲೈಸಿನಿನ್ನಿನ ಬೀಟಾ ಭಾಗ ಜಾಸ್ತಿ ಆಗುತ್ತೆ, ಅದು ಹೊಲದ ಕಥೆ ಹೇಳ್ತಾ ಇರೋದು, ತಳಿದಲ್ಲ.

ಇನ್ನೊಂದು ತಪ್ಪು, ಹಿಡಿ ಕಾಳು ಒಟ್ಟಿಗೆ ಪುಡಿ ಮಾಡಿ ಟೆಸ್ಟ್ ಮಾಡ್ಸೋದು. ನೂರರಲ್ಲಿ ಐದು ಬೇರೆ ಕಾಳಿದ್ರೆ ಅದ್ರಲ್ಲಿ ಕಾಣೋದೇ ಇಲ್ಲ, ಒಂದೊಂದು ಕಾಳನ್ನೂ ಬೇರೆ ಬೇರೆ ಓಡಿಸಬೇಕು. ಮೊಳಕೆ ಕಡೆ ಮುಟ್ಟದೆ ಬೇಳೆಯಿಂದ ಒಂದು ಚೂರು ಕೆತ್ತಿ ತಗೊಂಡ್ರೆ ಉಳಿದದ್ದನ್ನ ಬಿತ್ತಿ ಗಿಡಾನೂ ನೋಡಬಹುದು.

ನಿಮ್ಮ ತಂದೆಯವರಿಗೆ ಮೊದಲು ಕಾಳಿನ ಕಣ್ಣು (ಕಾಳು ಕಾಯಿಗೆ ಅಂಟ್ಕೊಂಡಿದ್ದ ಜಾಗದ ಗುರುತು) ನೋಡೋಕೆ ಹೇಳಿ, ಜೆಎಸ್ 335ರದ್ದು ಕಪ್ಪು, ಹೂವು ನೇರಳೆ. ಅದೇ ಹೊಂದಿಲ್ಲ ಅಂದ್ರೆ ಜೆಲ್ಲಿಗೆ ದುಡ್ಡು ಹಾಕೋದೇ ಬೇಡ. ಹೊಂದಿ, ಪ್ರೋಟೀನ್ ಗೆರೇನೂ ಹೊಂದಿ, ಆದ್ರೂ ಅನುಮಾನ ಉಳೀತು ಅಂದ್ರೆ ಡಿಎನ್‌ಎ ಮಾರ್ಕರ್ ಟೆಸ್ಟಿಗೆ ಹೋಗಿ. ಬಿಲ್ಲು, ಚೀಲದ ಮೇಲಿರೋ ಟ್ಯಾಗು ಬಿಸಾಕ್ಬೇಡಿ, ಬಿತ್ತೋ ಮುಂಚೆ ಎರಡು ಹಿಡಿ ಬೀಜ ಎತ್ತಿಟ್ಟಿರಿ.